ನೆಲದಡಿಯ ನೀರು

ಆ ದಿನ ಬೆಳಿಗ್ಗೆ ನಮ್ಮ ಕಾರ್ಖಾನೆಯ ಹೊಸ ಹಾಲ್‌ನ ಚರಂಡಿಯ ಪಕ್ಕ ನೆಲ ಉಬ್ಬಿಕೊಂಡಿದ್ದು ಕಂಡಿತು. ಒಳಗೆ ಗಾಳಿ ಸೇರಿರಬೇಕು ಎಂದುಕೊಂಡು ಗಂಬೂಟಿನ ಹಿಮ್ಮಡಿಯಿಂದ ಒತ್ತಿದೆ. ಗಾಳಿಯಲ್ಲ. ಉಬ್ಬಿನ ಅಂಚು ಸೀಳಿ ಕಂದುಬಣ್ಣದ ಲೋಳೆ ನೀರು ಚಿಮ್ಮಿ ನನ್ನ ಬಿಳಿ ಕೋಟಿನ ಮೇಲೂ ಕಾಲ ಮೇಲೂ ಸಿಡಿಯಿತು. ಇಪ್ಪತ್ತೆರಡು ವರ್ಷ ಸಿಗಡಿಯ ನಡುವೆ ಬದುಕಿದವಳು ನಾನು. ಕೊಳೆತ ಸಿಗಡಿ ತಲೆ, ಬಿಸಿಲಿಗೆ ಬಿದ್ದ ಸಿಪ್ಪೆಯ ರಾಶಿ, ಯಾವುದಕ್ಕೂ ಮೂಗು ಮುಚ್ಚಿದವಳಲ್ಲ. ಈ ನೀರಿನ ನಾತಕ್ಕೆ ಮಾತ್ರ ಆಗಷ್ಟೇ ತಿಂದಿದ್ದ ಪೆಸರಟ್ಟು ಗಂಟಲಿಗೆ ಬಂತು. ಸತ್ತ ಇಲಿಯನ್ನೂ ಹಳೆಯ ಪೇಂಟನ್ನೂ ಒಂದೇ ಡಬ್ಬಿಯಲ್ಲಿ ಹಾಕಿ ಬೇಸಿಗೆಯಿಡೀ ಮುಚ್ಚಿಟ್ಟು ತೆರೆದ ಹಾಗಿತ್ತು.

ಕೋಟು ಬಿಚ್ಚಿ ಎಸೆದೆ. ಸೋಪು ಹಾಕಿ ಮೂರು ಸಲ ಕಾಲು ತೊಳೆದೆ. ಆಮೇಲೆ ಸೀಮೆಸುಣ್ಣ ಹಿಡಿದು ಹಾಲ್ ತುಂಬ ಓಡಾಡಿ, ಉಬ್ಬಿದ ಕಡೆಯೆಲ್ಲ ಸುತ್ತು ಹಾಕುತ್ತ ಹೋದೆ. ಸಿಗಡಿ ಸುಲಿಯುವ ಮೇಜುಗಳ ಕೆಳಗೆ, ಬಾಗಿಲ ಬಳಿ, ಗೋಡೆಯಂಚಿನಲ್ಲಿ. ಕೆಲವು ಗೋಲಿಯಷ್ಟು, ಕೆಲವು ಇಡ್ಲಿಯಷ್ಟು, ಒಂದಂತೂ ಊಟದ ತಟ್ಟೆಯಷ್ಟು ಅಗಲ. ಅರವತ್ತಕ್ಕೆ ಎಣಿಸುವುದನ್ನು ನಿಲ್ಲಿಸಿದೆ. ಹಸಿರಾಗಿ ಫಳಫಳ ಹೊಳೆಯುತ್ತಿದ್ದ ನೆಲ ಸಿಡುಬೆದ್ದ ಮೈಯಂತೆ ಕಾಣುತ್ತಿತ್ತು. ಹತ್ತು ವರ್ಷ ಬಾಳುತ್ತದೆಂದು ಬರೆದುಕೊಟ್ಟು ಹಾಕಿದ ಎಪಾಕ್ಸಿ ನೆಲ ಅದು, ಕಾಂಕ್ರೀಟಿನ ಮೇಲೆ ಬಣ್ಣದ ಹಾಗೆ ಸುರಿದು ಗಟ್ಟಿಯಾಗಿಸುವ ಪದರ. ಹಾಕಿ ಬರೀ ಹದಿನಾಲ್ಕು ತಿಂಗಳಾಗಿತ್ತು.

ನನ್ನ ಹೆಸರು ಮಂಗತಾಯಾರು. ಭೀಮಾವರಂ ಊರಾಚೆ, ಸಿಗಡಿ ಸುಲಿದು ಹೆಪ್ಪುಗಟ್ಟಿಸಿ ಹೊರದೇಶಕ್ಕೆ ಕಳಿಸುವ ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗ ನೋಡಿಕೊಳ್ಳುತ್ತಿದ್ದೆ. ನನ್ನ ಸಹಿಯಿಲ್ಲದೆ ಒಂದು ಪೆಟ್ಟಿಗೆಯೂ ಗೇಟು ದಾಟುವಂತಿರಲಿಲ್ಲ. ಸಿಗಡಿಯ ನಾತಕ್ಕೆ ಒಗ್ಗಿದ್ದರೂ ಮನುಷ್ಯರ ಕೊಳೆಗೆ ನನಗೆ ಹೇಸಿಗೆ ಬೇಗ ಆಗುತ್ತದೆ. ಉಗುರಿನ ಸಂದಿಯ ಕೊಳೆ, ಮೇಜಿನ ಮೇಲೆ ಬಿದ್ದ ಕೂದಲು, ಯಾರದೋ ಸೀನು, ಎಲ್ಲಕ್ಕೂ ಮುಖ ಸಿಂಡರಿಸುತ್ತೇನೆ. ಮನೆಯಲ್ಲಿ ಇದಕ್ಕಾಗಿ ಬೈಸಿಕೊಂಡಿದ್ದೇನೆ, ಕೆಲಸದಲ್ಲಿ ಬಡ್ತಿ ಪಡೆದಿದ್ದೇನೆ. ನನ್ನ ಮೂಗನ್ನು ನಾನು ಬಹಳ ನಂಬಿದ್ದೆ.

ಆ ನೆಲ ತೊಳೆಯುವ ಎಂಟು ಹೆಂಗಸರ ಗುಂಪಿಗೆ ಬುಳ್ಳೆಮ್ಮ ಯಜಮಾನಿ. ಐವತ್ತೈದು ದಾಟಿದವಳು, ಹತ್ತೊಂಬತ್ತು ವರ್ಷದಿಂದ ಇಲ್ಲೇ ಇದ್ದವಳು. ಬಾಯಿ ಜೋರು, ಕೆಲಸ ಅದಕ್ಕಿಂತ ಜೋರು. ಹೊಸ ನೆಲ ಬಂದಾಗ ಅದಕ್ಕೆ ಅವಳಿಟ್ಟ ಹೆಸರು ಸೊಸೆ. ಗೋಡೆಗೆ ನೆಲದ ಆರೈಕೆಯ ಬೋರ್ಡೊಂದನ್ನು ಹೊಡೆದಿದ್ದರು: ಬಿಸಿನೀರು ಸುರಿಯಬೇಡಿ, ಆಸಿಡ್ ಹಾಕಬೇಡಿ, ತಂತಿ ಬ್ರಷ್ಷಿನಿಂದ ಉಜ್ಜಬೇಡಿ, ಕ್ರೇಟುಗಳನ್ನು ಎಳೆಯಬೇಡಿ. ಓದಲು ಬಾರದ ಬುಳ್ಳೆಮ್ಮ ಅದನ್ನು ನನ್ನಿಂದ ಎರಡು ಸಲ ಓದಿಸಿಕೊಂಡು ಬಾಯಿಪಾಠ ಮಾಡಿದ್ದಳು.

"ನಮ್ಮನೆ ಸೊಸೆಗೂ ಇಷ್ಟು ಉಪಚಾರ ಮಾಡಿಲ್ಲ ಮೇಡಂ," ಎಂದು ನಗುತ್ತಿದ್ದಳು. "ಬಿಸಿನೀರು ಆಗಲ್ವಂತೆ, ಹುಳಿ ಆಗಲ್ವಂತೆ, ಮೈ ಉಜ್ಜಬಾರದಂತೆ. ಯಾವ ಜಮೀನ್ದಾರ್ರ ಮನೇಲಿ ಹುಟ್ಟಿದ್ಲೋ!"

ಯಾರಾದರೂ ಕ್ರೇಟು ಎಳೆದರೆ ಮುಗಿಯಿತು. "ಏಯ್, ಎತ್ತೇ ಅದನ್ನ! ಸೊಸೆ ಬೆನ್ನ ಮೇಲೆ ಗೀರು ಬಿದ್ರೆ ನಿನ್ನ ಬೆನ್ನ ಮೇಲೂ ಬೀಳುತ್ತೆ," ಎಂದು ಹಾಲ್ ಅದುರುವಂತೆ ಕೂಗುತ್ತಿದ್ದಳು. ಮೆದು ಬ್ರಷ್ಷು, ತಣ್ಣೀರು, ಅಳತೆ ಮಾಡಿದ ಸೋಪು, ಕೊನೆಗೆ ರಬ್ಬರ್ ವೈಪರಿನಿಂದ ಒಂದು ಹನಿಯೂ ಉಳಿಯದಂತೆ ಎಳೆಯುವುದು. ದಿನಕ್ಕೆ ಮೂರು ಸಲ. ಒಂದು ದಿನವೂ ತಪ್ಪಿಸಿದ್ದನ್ನು ನಾನು ನೋಡಿಲ್ಲ.

ಆದರೆ ಐದಾರು ತಿಂಗಳಿಂದ ಬುಳ್ಳೆಮ್ಮನ ಕೈ ಕೆಟ್ಟಿತ್ತು. ಅಂಗೈ ಸುಲಿದು, ಬೆರಳ ತುದಿಗಳು ಬಿಳಿಚಿ, ಸಂದಿಗಳಲ್ಲಿ ಕೀವು. ಕೈಯಿಂದ ಎಂಥದೋ ನಾತ ಬರುತ್ತಿತ್ತು. ಗ್ಲೌಸು ಕೊಟ್ಟರೂ ಹಾಕುವುದಿಲ್ಲ, ಸೋಮಾರಿ ಎಂದು ನಾನು ಬೈದಿದ್ದೆ. ಒಂದು ದಿನ ಊಟದ ಕೋಣೆಯಲ್ಲಿ ಅವಳು ನನ್ನ ಪಕ್ಕದ ಬೆಂಚಿನಲ್ಲಿ ಕೂತು ಗೋಂಗೂರ ಅನ್ನ ಕಲಸುತ್ತಿದ್ದಾಗ ತಡೆಯಲಾಗಲಿಲ್ಲ. "ಬುಳ್ಳೆಮ್ಮಾ, ಆ ಕೈ ಇಟ್ಕೊಂಡು ಎಲ್ಲರ ಮಧ್ಯ ಕೂರಬೇಡ, ಆಚೆ ಕೂತು ಉಣ್ಣು," ಎಂದೆ. ಅವಳು "ಆಯ್" ಎಂದಳು. ನಮ್ಮ ಗೋದಾವರಿ ಕಡೆ ದೊಡ್ಡವರ ಮಾತಿಗೆ ಎಲ್ಲರೂ ಹಾಗೇ ಒಪ್ಪಿಕೊಳ್ಳುವುದು. ಡಬ್ಬಿ ಎತ್ತಿಕೊಂಡು ಸೈಕಲ್ ನಿಲ್ಲಿಸುವ ಜಾಗಕ್ಕೆ ಹೋದಳು. ಅಂದಿನಿಂದ ಅಲ್ಲೇ ಉಣ್ಣುತ್ತಿದ್ದಳು. ನನಗೆ ಅದರಲ್ಲಿ ತಪ್ಪೇನೂ ಕಂಡಿರಲಿಲ್ಲ.

ನೆಲ ಉಬ್ಬಿದ ಸುದ್ದಿಯನ್ನು ಮಾಲೀಕರಾದ ಅಚ್ಯುತರಾಜುಗಾರಿಗೆ ಹೇಳಿದೆ. ಅವರು ಹಾಲ್‌ಗೆ ಬಂದು, ಒಂದು ಉಬ್ಬನ್ನು ಬೂಟಿನ ತುದಿಯಿಂದ ಮುಟ್ಟಿ, ಕರವಸ್ತ್ರ ಮೂಗಿಗಿಟ್ಟುಕೊಂಡು ಹೊರಗೆ ಓಡಿದರು. ಎಂಟು ದಿನ ಬಿಟ್ಟು ಹೊರದೇಶದ ಖರೀದಿದಾರರು ಕಾರ್ಖಾನೆ ತನಿಖೆಗೆ ಬರುವವರಿದ್ದರು. ಬರುವವರು ಮೊದಲು ನೋಡುವುದು ನೆಲ, ಆಮೇಲೆ ಗೋಡೆ, ಆಮೇಲೆ ಕಾಗದ.

"ಕರೆಸು ಆ ಚಕ್ರಪಾಣೀನ," ಎಂದರು ರಾಜುಗಾರು.

ನೆಲ ಹಾಕಿದ ಚಕ್ರಪಾಣಿ ಮರುದಿನವೇ ಹೈದರಾಬಾದಿನಿಂದ ಬಂದ. ಅವನ ಮೈಯಿಂದ ಸೆಂಟಿನ ವಾಸನೆ. ಆ ನಾತದೊಡನೆ ಅದೂ ಸೇರಿತು.

"ಎಲ್ಲಿ ಮೇಡಂ ಪ್ರಾಬ್ಲಂ?"

"ನೀವು ನಿಂತಿದ್ದೀರಲ್ಲ, ಅದರ ಮೇಲೇ."

ಅವನು ಪಕ್ಕಕ್ಕೆ ಹಾರಿದ. ಬಗ್ಗಲಿಲ್ಲ, ಮುಟ್ಟಲಿಲ್ಲ. ಜೇಬಿನ ಪೆನ್ನು ತೆಗೆದು ಉಬ್ಬಿನ ಸಿಪ್ಪೆಯನ್ನು ಸ್ವಲ್ಪ ಎತ್ತಿ ನೋಡಿದ. ಆ ಪೆನ್ನನ್ನು ಒರೆಸದೆ ಮತ್ತೆ ಜೇಬಿಗೇ ಇಟ್ಟ.

"ನೋಡಿದ ತಕ್ಷಣ ಹೇಳ್ತೀನಿ ಸಾರ್, ಇದು ಆರೈಕೆ ತಪ್ಪು," ಎಂದ ರಾಜುಗಾರಿಗೆ. "ಬಿಸಿನೀರು ಸುರಿದಿದ್ದಾರೆ. ನೆಲ ನಮ್ಮದು ಕಲ್ಲು ಸಾರ್, ಕಲ್ಲು. ತೊಳೆಯೋ ಕೈ ಸರಿ ಇಲ್ಲ ಅಂದ್ರೆ ಕಲ್ಲೇನು ಮಾಡುತ್ತೆ? ಕಾಗದದಲ್ಲೇ ಬರ್ದಿದೆ, ಆರೈಕೆ ತಪ್ಪಿದ್ರೆ ಗ್ಯಾರಂಟಿ ಇಲ್ಲ."

ಬುಳ್ಳೆಮ್ಮ ಬಾಗಿಲ ಬಳಿ ನಿಂತು ಕೇಳುತ್ತಿದ್ದಳು. ಈಗ ಇವನ ಏಳು ತಲೆಮಾರು ಬಿಡಿಸಿ ಹೇಳುತ್ತಾಳೆ ಎಂದು ನಾನು ಕಾದೆ. ಆದರೆ ಅವಳು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ತಲೆ ತಗ್ಗಿಸಿದಳು. ಅದನ್ನು ರಾಜುಗಾರೂ ಕಂಡರು, ಚಕ್ರಪಾಣಿಯೂ ಕಂಡ.

ಸಂಜೆ ರಾಜುಗಾರು ನನ್ನನ್ನು ತಮ್ಮ ಕೋಣೆಗೆ ಕರೆದರು. ಕೆಟ್ಟವರೇನಲ್ಲ ಅವರು. ಕೆಲಸದವರ ಮನೆಯ ಮದುವೆಗೆ ತಾವೇ ಹೋಗಿ ಅಕ್ಷತೆ ಹಾಕುವವರು. ಆದರೆ ಬೆಕ್ಕು ಅಡ್ಡ ಹೋದರೆ ಕಾರಿನಿಂದ ಇಳಿದು ಐದು ನಿಮಿಷ ಕೂತು ಹೊರಡುವವರು. ಬೆರಳಿಗೊಂದು ಉಂಗುರ, ಉಂಗುರಕ್ಕೊಂದು ಗ್ರಹ.

"ತನಿಖೆಯೋರು ಯಾಕೆ ಹೀಗಾಯ್ತು ಅಂತ ಕಾಗದ ಕೇಳ್ತಾರಲ್ಲ, ಬರ್ಕೋ ಮಂಗಾ," ಎಂದರು. "ಕಾರಣ: ತೊಳೆಯುವವರು ಬಿಸಿನೀರು ಬಳಸಿದ್ದು. ಕೈಗೊಂಡ ಕ್ರಮ: ಅವರ ಮುಖ್ಯಸ್ಥೆಯನ್ನು ಕೆಲಸದಿಂದ ತೆಗೆಯಲಾಗಿದೆ. ಚಕ್ರಪಾಣಿ ನಾಲ್ಕು ದಿನದಲ್ಲಿ ಮೇಲಿಂದ ಇನ್ನೊಂದು ಪದರ ಹಾಕ್ಕೊಡ್ತಾನೆ. ಬುಳ್ಳೆಮ್ಮ ತಪ್ಪೊಪ್ಪಿಕೊಂಡ ಹಾಗೆ ಇನ್ನೊಂದು ಕಾಗದ ಬರ್ದು ಅವಳ ಹೆಬ್ಬೆಟ್ಟು ಒತ್ತಿಸ್ಕೊಂಡು ಬಾ."

"ಹತ್ತೊಂಬತ್ತು ವರ್ಷದವಳು, ರಾಜುಗಾರೂ."

"ಗೊತ್ತು. ನಂಗೂ ಸಂಕಟ ಆಗುತ್ತೆ. ಬೇರೆ ಏನಂತ ಬರೀತೀಯ? ನೀನೇ ಹೇಳು."

ಬೇರೆ ಏನೆಂದು ಬರೆಯಬೇಕು ಎಂಬುದು ಆ ಕೋಣೆಯಲ್ಲಿದ್ದ ನಮ್ಮಿಬ್ಬರಿಗೂ ಗೊತ್ತಿತ್ತು. ಅದನ್ನು ಹೇಳದೆ ಕಾಗದ ತೆಗೆದುಕೊಂಡು ಹೊರಗೆ ಬಂದೆ.

ಹದಿನಾಲ್ಕು ತಿಂಗಳ ಹಿಂದಿನ ಮಾತು. ಹೊಸ ಹಾಲ್‌ನ ಕಾಂಕ್ರೀಟು ಹಾಕಿ ಹನ್ನೊಂದು ದಿನವಾಗಿತ್ತು. ಎಪಾಕ್ಸಿ ಹಾಕುವ ಮುಂಚೆ ಕಾಂಕ್ರೀಟು ಕಡಿಮೆಯೆಂದರೆ ಇಪ್ಪತ್ತೆಂಟು ದಿನ ಒಣಗಬೇಕು. ಅಷ್ಟರಲ್ಲಿ ರಾಜುಗಾರ ಮನೆಯ ಸಿದ್ಧಾಂತಿಗಳು ಪಂಚಾಂಗ ಬಿಡಿಸಿ, ಇನ್ನು ಐದು ದಿನಕ್ಕೆ ಮೂಢಂ ಹಿಡಿಯುತ್ತದೆ ಎಂದರು. ಶುಕ್ರ ಮುಳುಗಿದ ಮೇಲೆ ಮದುವೆಯಿಲ್ಲ, ಗೃಹಪ್ರವೇಶವಿಲ್ಲ. ಶುಕ್ರ ಏಳುವವರೆಗೆ ಯಾವ ಶುಭಕಾರ್ಯವೂ ನಡೆಯುವುದಿಲ್ಲ. ಆ ಸಲ ಮೂಢಂ ಮುಗಿಯುವ ಹೊತ್ತಿಗೆ ಆಷಾಢ ಕೂಡ ಅಂಟಿಕೊಂಡಿತ್ತು. ಇನ್ನೈದು ದಿನದಲ್ಲಿ ನೆಲ ಮುಗಿದು, ಹಾಲ್‌ನಲ್ಲಿ ಹಾಲು ಉಕ್ಕಿಸಬೇಕು. ಇಲ್ಲವಾದರೆ ಮೂರು ತಿಂಗಳು ಬೀಗ.

ಕಾಂಕ್ರೀಟು ಒಣಗಿದೆಯೇ ಎಂದು ನೋಡುವ ಉಪಾಯ ಸುಲಭ. ಒಂದು ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ನಾಲ್ಕೂ ಕಡೆ ಟೇಪು ಹಚ್ಚಿ ಅಂಟಿಸಿ, ಒಂದು ದಿನ ಬಿಟ್ಟು ಎತ್ತಿ ನೋಡಬೇಕು. ನಾನು ಐದು ಕಡೆ ಅಂಟಿಸಿದೆ. ಮರುದಿನ ಐದರ ಕೆಳಗೂ ಹನಿಗಳು ಮುತ್ತಿನ ಹಾಗೆ ನಿಂತಿದ್ದವು, ಕಾಂಕ್ರೀಟು ಕಪ್ಪಗೆ ತೊಯ್ದಿತ್ತು. ಹಾಳೆಯನ್ನೇ ಹಿಡಿದುಕೊಂಡು ಹೋಗಿ ರಾಜುಗಾರಿಗೆ ತೋರಿಸಿದೆ.

"ಕಾಂಕ್ರೀಟು ಒಣಗ್ಲಿ ಅಂತ ಶುಕ್ರ ಕಾಯ್ತಾನಾ ಮಂಗಾ?" ಎಂದರು ಅವರು.

ಚಕ್ರಪಾಣಿ ಗ್ಯಾಸ್ ಬರ್ನರು ತರಿಸಿ, ಹತ್ತು ಫ್ಯಾನು ಹಚ್ಚಿಸಿ, ನೆಲದ ಮೇಲ್ಮೈಯನ್ನು ಸುಟ್ಟು ಒಣಗಿಸಿದ. ಅಂಗೈಯಿಟ್ಟು ತೋರಿಸಿ, "ನೋಡಿ ಮೇಡಂ, ಹಪ್ಪಳ," ಎಂದ. ಮೇಲೆ ಹಪ್ಪಳವೇ. ಒಳಗೆ ಕೆಸರು ಎಂಬುದು ಅವನಿಗೂ ಗೊತ್ತು, ನನಗೂ ಗೊತ್ತು. ಒಳಗಿನ ನೀರು ಎಲ್ಲಿಗೆ ಹೋಗುತ್ತದೆ? ಮೇಲೆ ಬರುತ್ತದೆ. ದಾರಿ ಮುಚ್ಚಿದರೆ ಉಬ್ಬುತ್ತದೆ. ಉಬ್ಬು ಬಿರಿದರೆ ಸಿಗಡಿ ತೊಳೆದ ನೀರು ಒಳಗೆ ಇಳಿದು ಕೊಳೆಯುತ್ತದೆ. ಇಷ್ಟು ತಿಳಿಯಲು ದೊಡ್ಡ ಓದೇನೂ ಬೇಕಿಲ್ಲ.

ತೇವ ಪರೀಕ್ಷೆಯ ಕಾಗದದಲ್ಲಿ "ಒಣಗಿದೆ" ಎಂದು ಬರೆದು ನಾನು ಸಹಿ ಹಾಕಿದೆ. ಯಾರೂ ನನ್ನ ಕೈ ಹಿಡಿದು ಹಾಕಿಸಲಿಲ್ಲ. "ಹಾಕು ತಾಯಿ, ಒಳ್ಳೇ ಕೆಲಸಕ್ಕೆ ಅಡ್ಡ ನಿಲ್ಬೇಡ," ಎಂದರು ರಾಜುಗಾರು, ನಾನು ಹಾಕಿದೆ, ಅಷ್ಟೇ. ಹಾಲು ಉಕ್ಕಿತು. ಎಲ್ಲರಿಗೂ ಪುಳಿಹೋರ, ಬೊಬ್ಬಟ್ಟು. ನನಗೆ ಉಪ್ಪಾಡ ಸೀರೆ. ನಾನು ಬೊಬ್ಬಟ್ಟಿಗೆ ಎರಡನೆಯ ಸಲ ತುಪ್ಪ ಹಾಕಿಸಿಕೊಂಡೆ.

ಸಹಿ ಹಾಕಿದವಳು ನಾನು, ಕೆಲಸ ಕಳೆದುಕೊಳ್ಳುವವಳು ಬುಳ್ಳೆಮ್ಮ. ಇದು ನ್ಯಾಯವಲ್ಲ ಎಂದು ಗೊತ್ತಿದ್ದೂ ಮರುದಿನ ಬೆಳಿಗ್ಗೆ ಕಾಗದವನ್ನೂ ಇಂಕಿನ ಪ್ಯಾಡನ್ನೂ ಹಿಡಿದು ಅವಳನ್ನು ಹುಡುಕಿಕೊಂಡು ಹೋದೆ. ದಾರಿಯುದ್ದಕ್ಕೂ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಬೇರೆ ಕಾರ್ಖಾನೆಗೆ ಶಿಫಾರಸು ಮಾಡಿದರಾಯಿತು. ಹೇಗೂ ಕೈ ಕೆಟ್ಟಿದೆ, ಸ್ವಲ್ಪ ವಿಶ್ರಾಂತಿಯೂ ಆದೀತು. ಇಂಥವನ್ನೆಲ್ಲ ಮನಸ್ಸು ಎಷ್ಟು ಬೇಗ ಹೊಂದಿಸಿಕೊಡುತ್ತದೆ ಎಂದು ಈಗ ನೆನೆದರೆ ಉಗಿಯಬೇಕೆನಿಸುತ್ತದೆ.

ಅವಳು ಬಟ್ಟೆ ಬದಲಿಸುವ ಕೋಣೆಯಲ್ಲಿ ಒಬ್ಬಳೇ ಕೂತು ಬ್ರಷ್ಷುಗಳನ್ನು ಒಣಗಹಾಕುತ್ತಿದ್ದಳು. ನಾನು ಕಾಗದ ಓದಿ ಹೇಳಿದೆ. ಬಿಸಿನೀರು ಹಾಕಿದ್ದು ನಿಜ, ತಪ್ಪಾಯಿತು, ಕೆಲಸ ಬಿಡುತ್ತೇನೆ ಎಂದಿತ್ತು ಅದರಲ್ಲಿ. ಕಿರುಚುತ್ತಾಳೆ ಎಂದು ಮೈ ಬಿಗಿಹಿಡಿದು ನಿಂತಿದ್ದೆ.

"ಒತ್ತುತೀನಿ ಮೇಡಂ," ಎಂದಳು ಬುಳ್ಳೆಮ್ಮ. "ಬಿಸಿನೀರು ಮಾತ್ರ ನಾನು ಹಾಕಿಲ್ಲ. ನನ್ನ ಮಕ್ಕಳಾಣೆ. ಆದ್ರೆ ಬೇರೆ ಏನೋ ತಪ್ಪು ಮಾಡಿದೀನಿ. ಅದೇನು ಅಂತ ಹೇಳ್ಬಿಡಿ, ಸಾಕು, ಒತ್ತುತೀನಿ."

"ಬೇರೆ ಏನು ತಪ್ಪು?"

"ನಂಗೇನ್ ಗೊತ್ತು? ತೊಳ್ಯೋದು ಸರಿ ಇದ್ರೆ ಹತ್ತು ವರ್ಷ ಏನೂ ಆಗಲ್ಲ ಅಂತ ಆವತ್ತು ನೆಲ ಹಾಕಿದ ಬಾಬು ಹೇಳಿದ್ರಲ್ಲ. ಸಂಕ್ರಾಂತಿ ಕಳೀತಿದ್ದ ಹಾಗೇ ಮೊದಲ್ನೇ ಗುಳ್ಳೆ ಎದ್ದಿತ್ತು ಮೇಡಂ. ಅಯ್ಯೋ, ನನ್ನ ಕೈಯಿಂದ ಸೊಸೆ ಹಾಳಾದ್ಲಲ್ಲ ಅಂತ ಎದೆ ಒಡೀತು. ನಿಮಗೆ ಹೇಳೋಕೆ ಹೆದರಿಕೆ. ಆವತ್ತಿಂದ ದಿನಾ ಎಲ್ರಿಗಿಂತ ಒಂದು ಗಂಟೆ ಮುಂಚೆ ಬರ್ತೀನಿ."

"ಬಂದು?"

ಅವಳು ತನ್ನ ಚೀಲದಿಂದ ಗೋಣಿ ಹೊಲಿಯುವ ದಬ್ಬಣವೊಂದನ್ನು ತೆಗೆದು ತೋರಿಸಿದಳು. ಜೊತೆಗೆ ಒಂದು ಹಳೆಯ ಬಟ್ಟೆ, ಒಂದು ಪುಟ್ಟ ಸೀಸೆ. ಸೀಸೆಯಲ್ಲಿದ್ದುದು ಉಗುರಿಗೆ ಹಚ್ಚುವ ಹಸಿರು ಬಣ್ಣ.

"ಗುಳ್ಳೆಗೆ ಚುಚ್ಚಿ, ಅಂಗೈಯಲ್ಲಿ ಒತ್ತಿ ನೀರು ತೆಗೀತೀನಿ. ಬಟ್ಟೇಲಿ ಒರಸ್ತೀನಿ. ತೂತಿಗೆ ಇದನ್ನ ಹಚ್ತೀನಿ, ಬಣ್ಣ ಬಣ್ಣಕ್ಕೆ ಸೇರಿ ಗೊತ್ತಾಗಲ್ಲ. ಫ್ಯಾನ್ಸಿ ಅಂಗಡಿಯೋಳು ಕೇಳ್ತಾಳೆ, ಈ ವಯಸ್ಸಲ್ಲಿ ಯಾರಿಗಮ್ಮಾ ಹಸಿರು ಉಗುರು ಅಂತ." ಅವಳು ಸ್ವಲ್ಪ ನಕ್ಕಳು. "ಮೊದಲು ದಿನಕ್ಕೆ ಎರಡು ಮೂರು ಇರ್ತಿತ್ತು. ಈಗ ಇಪ್ಪತ್ತು ಮೂವತ್ತು. ಹೋದ ವಾರ ಜ್ವರ ಬಂದು ಅಷ್ಟು ಮುಂಚೆ ಬರೋಕಾಗ್ಲಿಲ್ಲ. ಅಷ್ಟರಲ್ಲಿ ಎಲ್ಲಾ ಎದ್ದು ನಿಮ್ಮ ಕಣ್ಣಿಗೆ ಬಿತ್ತು."

"ಗ್ಲೌಸು ಹಾಕ್ಕೊಂಡು ಮಾಡೋಕೇನಾಗಿತ್ತು?"

"ಗ್ಲೌಸಲ್ಲಿ ದಬ್ಬಣ ನಿಲ್ಲಲ್ಲ ಮೇಡಂ, ಜಾರುತ್ತೆ."

ಹಸಿ ಕಾಂಕ್ರೀಟಿನ ಮೇಲೆ ಹಾಕಿದ ಎಪಾಕ್ಸಿ ಅಡಿಯಲ್ಲಿ ಸರಿಯಾಗಿ ಗಟ್ಟಿಯಾಗುವುದಿಲ್ಲ. ಅದರ ರಸಾಯನ ಆ ನೀರಿಗೆ ಇಳಿಯುತ್ತದೆ. ಅಂಥ ನೀರು ಚರ್ಮವನ್ನು ತಿನ್ನುತ್ತದೆ. ಇದು ನನಗೆ ಗೊತ್ತಿರಬೇಕಾದ ವಿಷಯ, ಗೊತ್ತೂ ಇತ್ತು. ಆರು ತಿಂಗಳು ಆ ಕೈಯನ್ನು ನೋಡುತ್ತ, ಮೂಸುತ್ತ, ಮುಖ ಸಿಂಡರಿಸುತ್ತ ಇದ್ದೆ. ನನ್ನ ದೊಡ್ಡ ಮೂಗಿಗೆ ಇಷ್ಟು ಹೊಳೆಯಲಿಲ್ಲ. ನನ್ನ ಕಾಲ ಮೇಲೆ ಸಿಡಿದ ನೀರೂ ಅವಳ ಕೈಯ ನಾತವೂ ಒಂದೇ.

"ಎಲ್ಲಿ ಒತ್ಲಿ?" ಎಂದು ಬುಳ್ಳೆಮ್ಮ ತಾನೇ ಪ್ಯಾಡಿಗೆ ಹೆಬ್ಬೆರಳು ಅದ್ದಿ ಕಾಗದದ ಮೇಲೆ ಒತ್ತಿದಳು.

ಕಾಗದದ ಮೇಲೆ ಮೂಡಿದ್ದು ಒಂದು ನೀಲಿ ಮಚ್ಚೆ. ಅದರಲ್ಲಿ ಒಂದು ಗೆರೆಯೂ ಇರಲಿಲ್ಲ. ಅವಳು ನಾಚಿಕೊಂಡು ಬೆರಳನ್ನು ಸೆರಗಿಗೆ ಒರೆಸಿ ಮತ್ತೆ ಒತ್ತಿದಳು. ಮತ್ತೆ ಬರಿಯ ಮಚ್ಚೆ.

"ರೇಷನ್ ಅಂಗಡಿ ಮೆಷೀನೂ ನನ್ನ ಬೆರಳು ತಗೋತಿಲ್ಲ ಮೇಡಂ. ಮೂರು ತಿಂಗಳಾಯ್ತು, ಅಕ್ಕಿ ಕೊಡ್ತಿಲ್ಲ. ತಡೀರಿ, ಎಡಗೈದು ನೋಡೋಣ."

ಎಡಗೈಯದೂ ಹಾಗೇ. ಮೂರು ನೀಲಿ ಮಚ್ಚೆಗಳಿದ್ದ ಆ ಕಾಗದವನ್ನು ನೋಡುತ್ತಿದ್ದ ಹಾಗೆ ನನ್ನ ಮೇಲೆ ನನಗೆ ಹೇಸಿಗೆಯಾಯಿತು. ಈ ಹೆಂಗಸಿನ ಬೆರಳಿನ ಗೆರೆ ಅಳಿಸಿದವಳು ನಾನು. ಈಗ ಅದೇ ಬೆರಳನ್ನು ಒತ್ತಿಸಿಕೊಳ್ಳಲು ಬಂದವಳೂ ನಾನೇ.

"ಬುಳ್ಳೆಮ್ಮಾ, ನಿಲ್ಸು. ನೀನು ಯಾವ ತಪ್ಪೂ ಮಾಡಿಲ್ಲ," ಎಂದೆ. "ನೆಲ ಹಾಕೋವಾಗ್ಲೇ ಕಾಂಕ್ರೀಟು ಹಸಿ ಇತ್ತು. ಮೂಢಂ ಬರುತ್ತೆ ಅಂತ ಅವಸರ ಮಾಡಿದ್ರು. ಹಸಿ ಇದೆ ಅಂತ ನಂಗೊತ್ತಿತ್ತು. ಒಣಗಿದೆ ಅಂತ ಸಹಿ ಹಾಕಿದ್ದು ನಾನೇ."

ಅವಳು ನನ್ನ ಮುಖ ನೋಡಿದಳು, ತನ್ನ ಕೈ ನೋಡಿಕೊಂಡಳು, ಮತ್ತೆ ನನ್ನನ್ನು ನೋಡಿದಳು.

"ಹಸಿ ಇತ್ತಾ?"

"ಆಯ್."

ಬುಳ್ಳೆಮ್ಮ ಎದ್ದಳು. ಬಯ್ಯುತ್ತಾಳೆ, ಹೊಡೆದರೂ ಹೊಡೆಯಲಿ ಎಂದು ನಿಂತಿದ್ದೆ. ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಹೊಲಸು ತುಳಿಯುವುದು ತಪ್ಪಿತು ಎಂಬಂತೆ ಸೀರೆಯ ನೆರಿಗೆ ಎತ್ತಿ ಹಿಡಿದು, "ಛೀ," ಎಂದಳು. ಜೋರಾಗಿ ಕೂಡ ಅಲ್ಲ. ಬ್ರಷ್ಷುಗಳನ್ನು ಎತ್ತಿಕೊಂಡು ಹೊರಗೆ ಹೋದಳು.

ನಾನು ಆಫೀಸಿಗೆ ಬಂದು ಹೊಸ ಕಾಗದ ತೆಗೆದೆ. ಕಾರಣ: ಹಸಿ ಕಾಂಕ್ರೀಟಿನ ಮೇಲೆ ನೆಲ ಹಾಕಿದ್ದು. ಯಾರ ತಪ್ಪು: ತೇವ ಪರೀಕ್ಷೆಯ ಸುಳ್ಳು ವರದಿಗೆ ಸಹಿ ಹಾಕಿದ ಮಂಗತಾಯಾರು. ತೊಳೆಯುವವರ ಕೆಲಸದಲ್ಲಿ ಲೋಪವಿಲ್ಲ. ಸಹಿ ಹಾಕಿ, ರಾಜುಗಾರ ಕೋಣೆಗೆ ಹೋಗುವ ಮೊದಲೇ ಅದರ ನಕಲನ್ನು ಖರೀದಿದಾರರಿಗೆ ಕಳಿಸಿಬಿಟ್ಟೆ. ಧೈರ್ಯದಿಂದಲ್ಲ. ರಾಜುಗಾರು ಮತ್ತೆ "ಹಾಕು ತಾಯಿ" ಎಂದರೆ ನಾನು ಮತ್ತೆ ಮಣಿಯುತ್ತೇನೆಂದು ನನಗೆ ಚೆನ್ನಾಗಿ ಗೊತ್ತಿತ್ತು.

ಓದಿದ ರಾಜುಗಾರ ಮುಖ ಕೆಂಪೇರಿತು. "ತಲೆ ಕೆಟ್ಟಿದೆಯಾ ನಿಂಗೆ? ಆ ಸಹಿ ನಿಂದೇ ಅಲ್ವಾ?"

"ಆಯ್, ನಂದೇ. ಅದಕ್ಕೇ ಬರೆದೆ."

"ನೆಲ ತೊಳ್ಯೋಳಿಗೋಸ್ಕರ ಇಡೀ ಕಾರ್ಖಾನೇನ ಬೀದಿಗೆ ತರ್ತೀಯಾ?"

"ನೆಲ ತೊಳ್ಯೋಳು ಆರು ತಿಂಗಳು ನಿಮ್ಮ ಕಾರ್ಖಾನೇನ ದಬ್ಬಣ ಹಿಡ್ಕೊಂಡು ಕಾಪಾಡಿದಾಳೆ, ರಾಜುಗಾರೂ. ಹೋಗಿ ಅವಳ ಕೈ ನೋಡಿ."

ಅವರು ಕಾಗದವನ್ನು ನಾಲ್ಕು ಚೂರು ಮಾಡಿ ಬುಟ್ಟಿಗೆ ಹಾಕಿದರು. ನಕಲು ಆಗಲೇ ಹೋಗಿದೆ ಎಂದೆ. ಅವರು ಕುರ್ಚಿಯಲ್ಲಿ ಕೂತು ಒಂದೊಂದೇ ಉಂಗುರ ತಿರುಗಿಸಿಕೊಂಡರು. ಕೊನೆಗೆ, "ಇನ್ನು ನೆಲ ಒಡೆಸ್ಲೇಬೇಕು. ಅಲ್ಲೀವರೆಗೂ ಇರು. ಆಮೇಲೆ ನಿನ್ನ ಮುಖ ನಂಗೆ ತೋರಿಸ್ಬೇಡ," ಎಂದರು.

ಖರೀದಿದಾರರು ತನಿಖೆಯನ್ನು ಮೂರು ತಿಂಗಳು ಮುಂದೂಡಿದರು. ಹೊಸ ಹಾಲ್ ಮುಚ್ಚಿ, ಹಳೆಯ ಹಾಲ್‌ನಲ್ಲೇ ಸುಲಿಯಿರಿ, ನೆಲ ಕಿತ್ತು ಹೊಸದಾಗಿ ಹಾಕಿ ಎಂದು ಬರೆದರು. ಬುಳ್ಳೆಮ್ಮನ ಹೆಸರು ಅವರ ಯಾವ ಕಾಗದದಲ್ಲೂ ಬರಲಿಲ್ಲ. ಅವಳ ಕೆಲಸ ಉಳಿಯಿತು. ಚಕ್ರಪಾಣಿ ಫೋನು ಎತ್ತುವುದನ್ನು ನಿಲ್ಲಿಸಿದ. ನೆಲ ಒಡೆಯಲು ಒಳ್ಳೆಯ ಗಳಿಗೆ ಯಾವುದೆಂದು ರಾಜುಗಾರು ಸಿದ್ಧಾಂತಿಗಳನ್ನು ಕೇಳಿದರಂತೆ. ದಶಮಿ, ಬೆಳಿಗ್ಗೆ ಹತ್ತೂ ಹದಿನೈದು ಎಂದರಂತೆ. ಕೇಳಿ ನನಗೆ ನಗುವೂ ಬರಲಿಲ್ಲ.

ಹತ್ತೂ ಹದಿನೈದಕ್ಕೆ ಯಂತ್ರ ಶುರುವಾಯಿತು. ಒಡೆಯುವ ಕಷ್ಟವೇ ಬೀಳಲಿಲ್ಲ. ಒಂದು ಮೂಲೆಯಲ್ಲಿ ಉಳಿ ಸಿಕ್ಕಿಸಿ ಎತ್ತಿದರೆ ಹಸಿರು ಪದರ ಕಾವಲಿಯಿಂದ ದೋಸೆ ಎದ್ದ ಹಾಗೆ ಎದ್ದು ಬಂತು. ಅದರ ಹಿಂದೆಯೇ ನಾತ ಎದ್ದಿತು. ಆವರೆಗೆ ಒಂದೊಂದು ಗುಳ್ಳೆಯಿಂದ ಬಂದದ್ದು ಏನೂ ಅಲ್ಲ. ಯಂತ್ರದವರಿಬ್ಬರೂ ಹೊರಗೆ ಓಡಿದರು, ಒಬ್ಬ ಬಾಗಿಲಲ್ಲೇ ವಾಂತಿ ಮಾಡಿಕೊಂಡ. ಪದರದ ಅಡಿಗೆ ಕಪ್ಪು ಲೋಳೆ, ಕೊಳೆತ ಸಿಗಡಿ ಸಿಪ್ಪೆಯ ಚೂರು, ಬಿಳಿಯ ಹುಳು. ಕಾಂಕ್ರೀಟು ಇನ್ನೂ ಹಸಿಯಾಗಿಯೇ ಇತ್ತು.

ಬುಳ್ಳೆಮ್ಮ ಒಳಗೆ ಬಂದಳು. ಸೆರಗನ್ನು ಮೂಗಿಗೆ ಹಿಡಿದಿರಲಿಲ್ಲ. ನಡುಮಧ್ಯೆ ಕುಕ್ಕರಗಾಲಲ್ಲಿ ಕೂತು ತೊಯ್ದ ಕಾಂಕ್ರೀಟನ್ನು ನೋಡಿದಳು. ಆಮೇಲೆ ಬಾಗಿಲ ಕಡೆ ತಿರುಗಿ ಕೂಗಿದಳು.

"ಬನ್ರೇ ಎಲ್ಲಾ! ಅಲ್ಲೇನ್ ನಿಂತಿದೀರಾ? ಬಂದು ಮೂಸ್ರೇ! ನನ್ನದಲ್ಲ ಕಣ್ರೇ ಈ ನಾತ, ಇದರದ್ದು!"

ಅವಳ ಹೆಂಗಸರು ಒಬ್ಬೊಬ್ಬರಾಗಿ ಬಂದರು. ಕೆಮ್ಮುತ್ತ, ಉಗಿಯುತ್ತ, ಬೈಯುತ್ತ ಅವಳ ಸುತ್ತ ನಿಂತರು. ಒಬ್ಬಳು ಅವಳ ಭುಜದ ಮೇಲೆ ಕೈ ಇಟ್ಟಳು. ನಾನು ಬಾಗಿಲಿನಲ್ಲೇ ಇದ್ದೆ.

"ನೀವೂ ಬನ್ನಿ ಮೇಡಂ," ಎಂದಳು ಬುಳ್ಳೆಮ್ಮ.

ಹೋದೆ. ಅವಳು ಕಿತ್ತುಬಂದ ಪದರದ ಒಂದು ಚೂರನ್ನು ಎತ್ತಿ, ಅಡಿಭಾಗ ಮೇಲೆ ಮಾಡಿ ನನ್ನ ಮುಂದೆ ಹಿಡಿದಳು.

"ಆರು ತಿಂಗಳಿಂದ ಇದು ನನ್ನ ಮೈಯಿಂದಾನೇ ಬರೋ ನಾತ, ನೆಲಕ್ಕೂ ನನ್ನಿಂದಾನೇ ಹತ್ತಿದೆ ಅಂದ್ಕೊಂಡಿದ್ದೆ. ಎಷ್ಟು ಸ್ನಾನ ಮಾಡಿದ್ರೂ ಹೋಗ್ತಿರ್ಲಿಲ್ಲ. ಮಗಳಿಗೆ ಹೆರಿಗೆ ಆಯ್ತು ಮೇಡಂ, ಸಂಕ್ರಾಂತಿ ಆದ್ಮೇಲೆ. ಮಗೂನ ಇನ್ನೂ ಒಂದ್ಸಲಾನೂ ಎತ್ಕೊಂಡಿಲ್ಲ ನಾನು."

ನಾನು ಬಗ್ಗಿ ಅವಳ ಕೈಯಲ್ಲಿದ್ದ ಆ ಚೂರನ್ನು ಮೂಸಿದೆ.